ಮೆರವಣಿಗೆಗೆ ಹೊಕ್ಕ ಮೊಟ್ಟೆ

ನಮ್ಮೂರಿನಲ್ಲಿ ಐಲಿ ಕೊಸ್ಕೆಲಾಳನ್ನು ಬಯ್ಯದವರು ಯಾರೂ ಇರಲಿಲ್ಲ. ಹಾಗಂತ ಅವಳು ಯಾರಿಗೂ ಕೆಟ್ಟದ್ದು ಮಾಡಿದವಳಲ್ಲ. ಅವಳ ಕೆಲಸವೇ ಅಂಥದ್ದು.

ಸುಪೀರಿಯರ್ ಸರೋವರದ ದಂಡೆಯ ನಮ್ಮ ಹೆಲ್ಮಿ ಹಾರ್ಬರ್‌ನಲ್ಲಿ ನವೆಂಬರಿಗೆ ಹಿಡಿದ ಹಿಮ ಏಪ್ರಿಲ್ ಬಂದರೂ ಬಿಡುವುದಿಲ್ಲ. ಜನ ಬೆಳಗ್ಗೆ ಎದ್ದು, ಸಲಿಕೆ ಹಿಡಿದು, ಸೊಂಟ ಮುರಿಯುವಷ್ಟು ಹಿಮ ಎತ್ತಿ ಹಾಕಿ, ಬಾಗಿಲಿನಿಂದ ರಸ್ತೆಯವರೆಗೆ ದಾರಿ ತೋಡಿಕೊಳ್ಳುತ್ತಾರೆ. ಇನ್ನೇನು ಕಾರು ತೆಗೆಯಬೇಕು ಅನ್ನುವಾಗ ಹಿಮ ತಳ್ಳುವ ದೊಡ್ಡ ಲಾರಿ ಬರುತ್ತದೆ. ರಸ್ತೆಯ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳುತ್ತಾ, ಅವರು ಆಗಷ್ಟೇ ತೋಡಿದ ದಾರಿಯ ಬಾಯಿಗೆ ಮೊಣಕಾಲೆತ್ತರದ ಏರಿ ಹಾಕಿ ಮುಂದೆ ಹೋಗುತ್ತದೆ. ಆ ಲಾರಿಯ ಸ್ಟೀರಿಂಗ್ ಹಿಡಿದವಳು ಐಲಿ. ಪ್ರಾಯದಲ್ಲಿ ಹಿಡಿದದ್ದು, ನಿವೃತ್ತಿಯಾಗುವವರೆಗೂ ಬಿಡಲಿಲ್ಲ. ಅವಳ ಕನ್ನಡಿಯಲ್ಲಿ ಯಾವಾಗಲೂ ಕಾಣುತ್ತಿದ್ದದ್ದು ಒಂದೇ ನೋಟ: ಸಲಿಕೆ ಎತ್ತಿ ಏನೋ ಕೂಗುತ್ತಾ ನಿಂತ ಮನುಷ್ಯ. ಅವಳ ಪಕ್ಕದ ಮನೆಯವನಾದ ನಾನೂ ಸಲಿಕೆ ಎತ್ತಿದವನೇ.

ಐಲಿಗೆ ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದರೆ, "ಹಿಮ ಬಿಡುವು ಕೊಡಲಿಲ್ಲ" ಅನ್ನುತ್ತಿದ್ದಳು. ಅವಳ ತಂಗಿ ಲೆಂಪಿ ಇದಕ್ಕೆ ತದ್ವಿರುದ್ಧ. ಊರಿನ ಹೆಂಗಸರ ತಲೆಗೂದಲೆಲ್ಲ ಅವಳ ಕತ್ತರಿಯ ಕೆಳಗೇ ಹಾದುಹೋದದ್ದು. ಕೈ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಗಂಡ ರೈನೊ ತೀರಿಕೊಂಡ ಮೇಲೆ ಪಾರ್ಲರ್ ಮುಚ್ಚಿ, ಬಣ್ಣಬಣ್ಣದ ಉಣ್ಣೆಯ ಮೂಟೆ ಹೊತ್ತುಕೊಂಡು ಅಕ್ಕನ ಮನೆಗೆ ಬಂದು ಸೇರಿದಳು. ಬಂದ ದಿನದಿಂದ ಇಬ್ಬರಿಗೂ ಜಗಳ. ಶನಿವಾರ ಹಿತ್ತಿಲ ಸೌನಾದಲ್ಲಿ, ಅಂದರೆ ಬಿಸಿ ಹಬೆಯ ಕೋಣೆಯಲ್ಲಿ, ಕೂತು ಬೆವರುವಾಗಲೂ ಒಳಗಿನಿಂದ ಅವರ ಮಾತು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಅಂದರೆ ಲೆಂಪಿಯದು ಮಾತು, ಐಲಿಯದು "ಹೂಂ".

ಊರೂರು ಸುತ್ತುವುದಕ್ಕೆ, ಒಳಗೇ ಉಂಡು ಮಲಗುವಂಥ ಒಂದು ಹಳೇ ಟ್ರೇಲರ್ ತಂದದ್ದು ಐಲಿ. ಯಾರದೋ ಹಿತ್ತಿಲಲ್ಲಿ ಹಿಮದಡಿ ಹೂತುಹೋಗಿತ್ತು. ಉದ್ದ ಕಡಿಮೆ, ನಾಲ್ಕೂ ಮೂಲೆ ದುಂಡಗೆ, ಮೈ ಬಿಳಿ. ಪಿಕಪ್‌ ಹಿಂದೆ ಕಟ್ಟಿಕೊಂಡು ಬಂದಾಗ ನೋಡಿದವರೆಲ್ಲ, "ಐಲಿ ಮೊಟ್ಟೆ ಇಟ್ಟಳು" ಅಂದರು. ಲೆಂಪಿ ಆ ಮಾತನ್ನು ಬಿಡಲಿಲ್ಲ. ಕುಂಚ ತಗೊಂಡು ಅದರ ಮೈತುಂಬ ಕಂದು ಚುಕ್ಕೆ ಹಾಕಿದಳು, ಹಿಂಭಾಗದಲ್ಲಿ ಕಾವು ಕೂತ ಒಂದು ದಪ್ಪ ಹೇಂಟೆ ಬರೆದಳು. ಒಳಗೆ ಜಾಗ ಎಷ್ಟಿತ್ತು ಅಂದರೆ, ಒಬ್ಬಳು ನಿಂತರೆ ಇನ್ನೊಬ್ಬಳು ಕೂರಬೇಕು. ಮೇಜು ಮಡಚಿದರೆ ಹಾಸಿಗೆ, ಹಾಸಿಗೆ ಮಡಚಿದರೆ ಮೇಜು.

"ಚಳಿಗಾಲಕ್ಕೆ ಎಲ್ಲಿಗೆ ಹೋಗ್ತೀರಿ?" ಅಂತ ನಾನು ಕೇಳಿದೆ. "ಮರುಭೂಮಿಗಾ? ಕಾಡಿಗಾ?"

"ಕಾಡಿಗೆ ಯಾಕೋ?" ಅಂದಳು ಐಲಿ. "ಕಿಟಕಿ ತೆಗೆದ್ರೆ ಇಲ್ಲೇ ಇದೆಯಲ್ಲ ಕಾಡು. ಸಮುದ್ರದ ಪಕ್ಕ ದೊಡ್ಡ ಊರುಗಳಿದಾವಂತೆ. ಅಲ್ಲಿ ಜನ ಇರ್ತಾರೆ. ಅದನ್ನ ನೋಡಬೇಕು."

"ಜನಾನಾ?"

"ಹೂಂ. ಸಲಿಕೆ ಇಲ್ಲದೇ ಇರೋ ಜನ."

ಮೊದಲ ಚಳಿಗಾಲ ಟ್ಯಾಂಪಾಕ್ಕೆ ಹೋದರು. ಎರಡನೆಯದು ಗ್ಯಾಲ್ವೆಸ್ಟನ್, ಹ್ಯೂಸ್ಟನ್. ಊರಂಚಿನ ಬಿಡಾರದ ಜಾಗದಲ್ಲಿ ಮೊಟ್ಟೆ ನಿಲ್ಲಿಸುವುದು, ಬೆಳಗ್ಗೆ ಕಾಫಿ ಕುಡಿದು ಪೇಟೆಗೆ ಹೋಗುವುದು, ದೋಣಿಕಟ್ಟೆಯಲ್ಲೋ ಮಾರುಕಟ್ಟೆಯಲ್ಲೋ ಬೆಂಚು ಹಿಡಿದು ಕೂರುವುದು. ಇಷ್ಟೇ ಅವರ ಪ್ರವಾಸ. ಲೆಂಪಿ ಹೆಣೆಯುತ್ತಾ ಹೋಗಿಬರುವವರ ತಲೆ ನೋಡುತ್ತಿದ್ದಳು. "ಅವಳ ಕೂದಲು ಕತ್ತರಿಸಿದವರನ್ನ ಜೈಲಿಗೆ ಹಾಕಬೇಕು ಕಣೇ," ಅನ್ನುತ್ತಿದ್ದಳು. ಐಲಿ ಬರೀ ಮುಖ ನೋಡುತ್ತಿದ್ದಳು. ಅವಳ ಎದುರು ಹಾದುಹೋಗುವ ಜನಕ್ಕೆ ಅವಳ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಅದೇ ಅವಳಿಗೆ ಸಾಕಾಗಿತ್ತು.

ಬಿಡಾರದಲ್ಲಿ ಬಸ್ಸಿನಷ್ಟು ದೊಡ್ಡ ಗಾಡಿ ತಂದವರು ಇವರ ಮೊಟ್ಟೆ ನೋಡಿ ನಗುತ್ತಿದ್ದರು. ಒಬ್ಬಾತ, "ಒಳಗೆ ಇನ್ನೂ ಮರಿ ಆಗಿಲ್ವಾ?" ಅಂತ ಕೇಳಿದನಂತೆ. "ಎರಡು ಇದಾವೆ, ಎರಡೂ ಮುದಿ," ಅಂದಳಂತೆ ಲೆಂಪಿ.

ಮೂರನೇ ಚಳಿಗಾಲ ನ್ಯೂ ಆರ್ಲಿಯನ್ಸ್. ಅಲ್ಲಿ ನಡೆದದ್ದನ್ನು ನಾನು ಇಬ್ಬರ ಬಾಯಲ್ಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಲೆಂಪಿ ಹೇಳಿದರೆ ಒಂದು ಸಂಜೆ ಬೇಕು, ಐಲಿ ಹೇಳಿದರೆ ಒಂದು ಲೋಟ ಕಾಫಿ ಸಾಕು. ಎರಡನ್ನೂ ಕೂಡಿಸಿ ನಾನು ಹೇಳುತ್ತೇನೆ.

ಅವತ್ತು ಶನಿವಾರ. ಉದ್ದನೆಯ ಸೇತುವೆ ದಾಟಿ ಊರೊಳಗೆ ಬಂದಿದ್ದರು. ಬಿಡಾರದ ಜಾಗ ಊರಿನ ಆಚೆ ತುದಿಯಲ್ಲಿತ್ತು. ಮೋಡ ಕವಿದು, ಉತ್ತರದಿಂದ ಗಾಳಿ ಬೀಸಿ, ಆ ಊರಿನವರ ಮಟ್ಟಿಗೆ ಹಲ್ಲು ಕಟಕಟಿಸುವ ಚಳಿ. ನಮ್ಮ ಐಲಿಗೆ ಅದು ಕಿಟಕಿ ತೆರೆದಿಡುವ ಹವೆ. ಅವಳು ಅಂಗಿಯ ಮೇಲೆ ತನ್ನ ಹಳೇ ಕೆಲಸದ ಕಿತ್ತಳೆ ಬಣ್ಣದ ಕೋಟು ತೊಟ್ಟಿದ್ದಳು. ರಸ್ತೆಯಲ್ಲಿ ಗಾಡಿ ಕೆಟ್ಟರೆ ಕಾಣಿಸಲಿ ಅಂತ ದೂರದ ಪ್ರಯಾಣದಲ್ಲಿ ಅದನ್ನೇ ತೊಡುವುದು ಅವಳ ಅಭ್ಯಾಸ.

ಲೆಂಪಿ ತೊಡೆ ಮೇಲೆ ನಕ್ಷೆ ಹರಡಿಕೊಂಡಿದ್ದಳು. "ಎಡಕ್ಕೆ ತಿರುಗಿಸು."

"ಎಡಕ್ಕೆ ಬೇಲಿ ಹಾಕಿದಾರೆ."

"ಹಾಗಾದ್ರೆ ಬಲಕ್ಕೆ."

"ಬಲಕ್ಕೂ ಹಾಕಿದಾರೆ."

"ನಕ್ಷೇಲಿ ಬೇಲಿ ಇಲ್ಲ ಕಣೇ!"

"ನಕ್ಷೆ ಮೇಲೆ ಗಾಡಿ ಓಡಿಸ್ತಿಲ್ಲ ನಾನು."

ಹೀಗೆ ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿಗೆ ನುಗ್ಗಿ, ಗಾಡಿ ಹಿಂದಕ್ಕೂ ಹೋಗಲಾರದ ಜಾಗಕ್ಕೆ ಬಂದರು. ಎದುರಿಗೆ ಒಬ್ಬ ಪೊಲೀಸು. ಅವನು ಕಿತ್ತಳೆ ಕೋಟು ನೋಡಿದ, ಚುಕ್ಕೆ ಚುಕ್ಕೆ ಮೊಟ್ಟೆ ನೋಡಿದ, ಕಾವು ಕೂತ ಹೇಂಟೆ ನೋಡಿದ. ಹಣೆ ಚಚ್ಚಿಕೊಂಡ.

"ಇಷ್ಟು ಹೊತ್ತಿಗಾ ಬರೋದು? ನಿಮ್ಮೋರೆಲ್ಲ ಆಗ್ಲೇ ಹೊರಟ್ರು! ನಡೀರಿ, ನಡೀರಿ!" ಅಂತ ಬೇಲಿ ಸರಿಸಿದ.

ಐಲಿ ಸರ್ಕಾರಿ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಪೊಲೀಸು ನಡಿ ಅಂದರೆ ನಡೆಯುವುದು, ಅಷ್ಟೇ. ಬೇಲಿ ದಾಟಿ, ತಿರುವಿನಲ್ಲಿ ಹೊರಳಿದಳು. ನೋಡುತ್ತಾಳೆ, ರಸ್ತೆಯ ಎರಡೂ ಕಡೆ ಜನವೋ ಜನ. ಮುಂದೆ ಏಪ್ರನ್ ಕಟ್ಟಿಕೊಂಡ ಹೆಂಗಸರು ಗಂಡಸರು ಪಾತ್ರೆ ಬಡಿಯುತ್ತಾ ಕುಣಿಯುತ್ತಿದ್ದಾರೆ. ಹಿಂದಿನಿಂದ ತುತ್ತೂರಿ, ಡೋಲು, ಹೆಬ್ಬಾವಿನಂತೆ ಮೈಗೆ ಸುತ್ತಿಕೊಂಡ ದೊಡ್ಡ ಕಹಳೆಗಳ ಬ್ಯಾಂಡು ಬಂದು ಮೊಟ್ಟೆಗೆ ಅಂಟಿಕೊಂಡಿತು. ಪೊಲೀಸು ಬೇಲಿ ಮುಚ್ಚಿದ.

ಕಾರ್ನಿವಲ್ ಕಾಲ ಅದು. ಆ ಊರಲ್ಲಿ ಆಗ ಕೇರಿಗೊಂದು ಮೆರವಣಿಗೆ. ಜನ ಮನೆಯಲ್ಲೇ ಮಾಡಿದ ತಮಾಷೆಯ ತೇರು ಎಳೆದು ತರುತ್ತಾರೆ, ಮೆರವಣಿಗೆಯಲ್ಲಿ ಹೋಗುವವರು ನೋಡುವವರ ಕಡೆ ಮಣಿಸರವೋ ಆಟಿಕೆಯೋ ಎಸೆಯುತ್ತಾರೆ, ನೋಡುವವರು ಕೈ ಎತ್ತಿ ಕೂಗಿ ಕೇಳುತ್ತಾರೆ. ಇದು ಆ ಊರಿನ ಕೂಸಿಗೂ ಗೊತ್ತು. ಐಲಿಗೆ ಗೊತ್ತಿರಲಿಲ್ಲ. ಅವಳಿಗೆ ಕಂಡದ್ದು ಎರಡೂ ಕಡೆ ಸಾವಿರಾರು ಜನ ಕೈ ಎತ್ತಿ ತನ್ನನ್ನು ನೋಡಿ ಕೂಗುತ್ತಿರುವುದು.

"ಲೆಂಪಿ," ಅಂದಳು, "ಇಲ್ಲೂ ಬೈತಿದಾರೆ ಕಣೇ."

"ಯಾಕೆ ಬೈತಾರೆ? ನೀನು ಏನ್ ಮಾಡಿದೀಯಾ?"

"ಏನೂ ಮಾಡಿಲ್ಲ. ಅಲ್ಲೂ ಏನೂ ಮಾಡಿರಲಿಲ್ಲ."

ಲೆಂಪಿ ಕಿಟಕಿ ಇಳಿಸಿದಳು. ಗದ್ದಲ ಒಳಗೆ ನುಗ್ಗಿತು. "ಏನಾದ್ರೂ ಎಸೀರಮ್ಮಾ! ನನಗೊಂದು ಎಸೀರಿ! ಮೊಟ್ಟೆಯಮ್ಮಾ, ಈ ಕಡೆ! ಈ ಕಡೆ!"

"ಬೈತಿಲ್ಲ ಮಾರಾಯ್ತಿ! ಏನೋ ಬೇಕಂತೆ. ಎಸೀಬೇಕಂತೆ!"

ಅಷ್ಟರಲ್ಲಿ ಮುಂದಿನ ಗುಂಪಿನಿಂದ ಒಬ್ಬ ಹೆಂಗಸು ದಾಪುಗಾಲು ಹಾಕಿ ಬಂದಳು. ಎತ್ತರದ ಆಳು, ಕಪ್ಪಗಿನ ಮುಖದ ತುಂಬ ಬೆಳ್ಳಿಪುಡಿ, ತಲೆ ಮೇಲೆ ಅನ್ನದ ಪಾತ್ರೆಯ ಕಿರೀಟ, ಕೈಯಲ್ಲಿ ಸೌಟು. ಹೆಸರು ಅರ್ಲೀನ್ ಪ್ರೆವೋ. ಶಾಲೆಗಳ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು ಕಟ್ಟಿಕೊಂಡ "ತಗಡು ಸೌಟಿನ ಸಂಘ"ಕ್ಕೆ ಅವಳೇ ಯಜಮಾನಿ. ಸೌಟಿನಿಂದ ಪಿಕಪ್‌ ಬಾಗಿಲು ಕುಟ್ಟಿದಳು.

"ನನ್ನ ಮೆರವಣಿಗೆ ಮಧ್ಯೆ ಮೊಟ್ಟೆ ಇಟ್ಟವರು ಯಾರು?"

"ಪೊಲೀಸ್ನೋರು ನಡೀರಿ ಅಂದ್ರು, ಬಂದ್ವಿ," ಅಂದಳು ಐಲಿ. "ಹೊರಗೆ ಹೋಗೋ ದಾರಿ ತೋರಿಸಿ. ಹೊರಟುಬಿಡ್ತೀವಿ."

ಅರ್ಲೀನ್ ಹಿಂದೆ ನೋಡಿದಳು, ಮುಂದೆ ನೋಡಿದಳು. ಐಲಿಯ ಬಿಳಿಚಿಕೊಂಡ ಮುಖ ನೋಡಿದಳು. ಅವಳ ದನಿ ಇಳಿಯಿತು. ಆ ಊರಲ್ಲಿ ಹಿರಿಯರು ಕಿರಿಯರು ಅನ್ನದೆ ಎಲ್ಲರನ್ನೂ ಕಂದಾ ಅಂತಲೇ ಕರೆಯುವುದು.

"ದಾರಿ ಇಲ್ಲ ಕಂದಾ. ಮುಗಿಯೋವರೆಗೂ ಎರಡೂ ಕಡೆ ಬೇಲಿ. ಇನ್ನು ಕೊನೇತನಕ ನೀವು ನನ್ನೋರೇ. ಆದ್ರೆ ಒಂದು ಮಾತು, ಬರಿಗೈಲಿ ಹೋದ್ರೆ ನನ್ನ ಮಾನ ಹೋಗುತ್ತೆ. ಏನಿದೆ ಎಸೆಯೋಕೆ?"

"ಏನೂ ಇಲ್ಲ," ಅಂದಳು ಐಲಿ.

"ಇದೆ!" ಅಂದಳು ಲೆಂಪಿ.

ಮೆರವಣಿಗೆ ಅಂದ ಮೇಲೆ ನಾಲ್ಕು ಹೆಜ್ಜೆ ನಡೆದು ಎರಡು ನಿಮಿಷ ನಿಲ್ಲುತ್ತದಲ್ಲ, ಹಾಗೆ ನಿಂತಾಗ ಲೆಂಪಿ ಇಳಿದು ಮೊಟ್ಟೆಯ ಬಾಗಿಲು ತೆಗೆದು ಒಳಹೊಕ್ಕಳು. ಹಾಸಿಗೆಯ ಕೆಳಗಿನಿಂದ ಎರಡು ಗೋಣಿ ಎಳೆದಳು. ಅವಳು ವರ್ಷವಿಡೀ ಹೆಣೆದ ಉಣ್ಣೆಯ ಕೈಗವುಸುಗಳು ಅವು. ಊರಿನ ಚರ್ಚಿನ ಹೆಂಗಸರು ಮುಂದಿನ ಡಿಸೆಂಬರಿನಲ್ಲಿ ನಡೆಸಲಿರುವ ಮಾರಾಟಕ್ಕೆ ಅಂತ ಕೂಡಿಟ್ಟದ್ದು. ಎರಡೆರಡನ್ನು ನೂಲಿನಿಂದ ಜೋಡಿ ಕಟ್ಟಿದ್ದರಿಂದ ಎಸೆಯುವುದಕ್ಕೆ ಹೇಳಿ ಮಾಡಿಸಿದ ಹಾಗಿದ್ದವು. ಪಿಕಪ್‌ ಹಿಂಭಾಗಕ್ಕೆ ಹತ್ತಿ ನಿಂತು ಮೊದಲ ಜೋಡಿ ಬೀಸಿದಳು. ಕೆಂಪು, ಬಿಳಿ ಅಂಚು.

ಒಬ್ಬ ದಪ್ಪ ಮನುಷ್ಯ ಅದನ್ನು ಹಿಡಿದ. ಅದು ಏನು ಅಂತ ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಮರಗಟ್ಟಿದ್ದ ಕೈಗೆ ತೊಟ್ಟುಕೊಂಡ. ತೊಟ್ಟುಕೊಂಡು ಎರಡೂ ಕೈ ಮೇಲೆತ್ತಿ, "ಬೆಚ್ಚಗಿದೆ! ಅಯ್ಯೋ, ಬೆಚ್ಚಗಿದೆ!" ಅಂತ ಕಿರುಚಿದ.

ಅಷ್ಟೇ ಸಾಕಾಯಿತು. ಆ ಊರವರಿಗೆ ಮಣಿಸರ ಮನೆಯಲ್ಲಿ ಮೂಟೆಗಟ್ಟಲೆ ಕೊಳೆಯುತ್ತಿರುತ್ತದೆ. ಕೊರೆಯುವ ಗಾಳಿಯಲ್ಲಿ ಉಣ್ಣೆಯ ಕೈಗವುಸು ಯಾವ ರಾಜ ಎಸೆದಾನು? ಸುದ್ದಿ ಗಾಡಿಗಿಂತ ಮುಂದೆ ಓಡಿತು. ಮುಂದಿನ ಬೀದಿಗೆ ಹೋಗುವಷ್ಟರಲ್ಲಿ ಜನ, "ಕೈಗವುಸು! ಕೈಗವುಸು!" ಅಂತ ಹಾಡಿನಂತೆ ಕೂಗುತ್ತಿದ್ದರು. ಹಿಂದಿನ ಬ್ಯಾಂಡಿನವರು ಆ ಕೂಗಿಗೇ ತಾಳ ಕೊಟ್ಟರು. ಎರಡು ಗೋಣಿಯೂ ಬರಿದಾದಾಗ ಲೆಂಪಿ ತನ್ನ ಪಾರ್ಲರಿನ ಹಳೇ ಡಬ್ಬಿ ತೆಗೆದು, ಕೂದಲು ಸುರುಳಿ ಮಾಡುವ ಗುಲಾಬಿ ಪ್ಲಾಸ್ಟಿಕ್ ಕೊಳವೆಗಳನ್ನು ಎಸೆಯತೊಡಗಿದಳು. ಅದನ್ನೂ ಜನ ಮುಗಿಬಿದ್ದು ಹಿಡಿದು ಗಡ್ಡಕ್ಕೆ, ಹುಬ್ಬಿಗೆ, ನಾಯಿಯ ಬಾಲಕ್ಕೆ ಸುತ್ತಿಕೊಂಡರು.

ಐಲಿ? ಅವಳ ಕೈ ಸ್ಟೀರಿಂಗ್ ಮೇಲೆ. ನಡಿಗೆಯ ವೇಗದಲ್ಲಿ, ಮುಂದೆ ಕುಣಿಯುವವರ ಹಿಮ್ಮಡಿಗೆ ತಾಗದಂತೆ, ದಿಢೀರ್ ಬ್ರೇಕ್ ಹಾಕಿ ಹಿಂದಿನ ಕಹಳೆಯವನು ಬಂದು ಗುದ್ದದಂತೆ ಗಾಡಿ ನಡೆಸಬೇಕಿತ್ತು. ಅರ್ಲೀನ್ ಕಿಟಕಿಯ ಪಕ್ಕದಲ್ಲೇ ನಡೆಯುತ್ತಾ, "ಕೈ ಬೀಸು ಕಂದಾ! ಕೈ ಬೀಸಬೇಕು!" ಅಂದಳು. ನಮ್ಮ ಕಡೆ ಎದುರು ಗಾಡಿಯವನನ್ನು ಕಂಡರೆ ಸ್ಟೀರಿಂಗಿನಿಂದ ಒಂದು ಬೆರಳು ಎತ್ತುತ್ತೇವೆ, ನಮಸ್ಕಾರ ಅಂದರೆ ಅಷ್ಟೇ. ಐಲಿ ಒಂದು ಬೆರಳು ಎತ್ತಿದಳು.

"ಇದೇನಿದು? ಗಾಳಿ ಯಾವ ಕಡೆ ಅಂತ ನೋಡ್ತಿದೀಯಾ?" ಅಂದಳು ಅರ್ಲೀನ್.

ಎರಡು ಬೀದಿ ಕಳೆದ ಮೇಲೆ ನಾಲ್ಕೂ ಬೆರಳು ಎದ್ದವು. ಒಂದು ಮನೆಯ ಜಗುಲಿಯಲ್ಲಿ ಗಾಲಿಕುರ್ಚಿಯ ಮೇಲೆ ಕಂಬಳಿ ಹೊದ್ದು ಕೂತ ಮುದುಕಿಯೊಬ್ಬಳು ಐಲಿಯನ್ನೇ ನೋಡಿ, ಎರಡೂ ಕೈಯಿಂದ ಮುತ್ತು ಎಸೆದಳು. ಐಲಿ ಕಿಟಕಿಯಿಂದ ಇಡೀ ತೋಳು ಹೊರಹಾಕಿ ಬೀಸಿದಳು. ಆಮೇಲೆ ಅದು ಒಳಗೆ ಬರಲೇ ಇಲ್ಲ. "ನಮ್ಮಕ್ಕ ಅಳ್ತಿದ್ಲು," ಅನ್ನುತ್ತಾಳೆ ಲೆಂಪಿ. "ಗಾಳಿಗೆ ಕಣ್ಣಲ್ಲಿ ನೀರು," ಅನ್ನುತ್ತಾಳೆ ಐಲಿ.

ಮೆರವಣಿಗೆ ಮುಗಿದದ್ದು ಅರ್ಲೀನಳ ಕೇರಿಯಲ್ಲಿ. ಐಲಿ ಬಿಡಾರದ ಜಾಗಕ್ಕೆ ದಾರಿ ಕೇಳಿದರೆ ಅರ್ಲೀನ್ ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಮನೆ ಪಕ್ಕದಲ್ಲಿ ಖಾಲಿ ಜಾಗವಿತ್ತು, ಗಂಡ ಬದುಕಿದ್ದಾಗ ದೋಣಿ ನಿಲ್ಲಿಸುತ್ತಿದ್ದದ್ದು. "ಆ ದೋಣಿ ಮೀನು ತಂದದ್ದಕ್ಕಿಂತ ಜಗಳ ತಂದದ್ದೇ ಜಾಸ್ತಿ. ಮೊಟ್ಟೆಯಾದ್ರೂ ನಿಲ್ಲಲಿ," ಅಂದಳು.

ಆ ಸಂಜೆ ಅಂಗಳದಲ್ಲಿ ಊಟ. ಹಬೆಯಾಡುವ ಅನ್ನದ ಮೇಲೆ ಕೆಂಪು ಕಾಳಿನ ಗಟ್ಟಿ ಸಾರು, ಅದರಲ್ಲಿ ಹೊಗೆಯಾಡಿಸಿದ ಮಾಂಸದ ತುಂಡು. ಲೆಂಪಿ ತಾನು ಮನೆಯಿಂದ ಕಟ್ಟಿ ತಂದಿದ್ದ ನಿಸು ಬ್ರೆಡ್ ಕೊಯ್ದು ಹಂಚಿದಳು. ಜಡೆ ಹೆಣೆದಂತೆ ಹೆಣೆದು ಏಲಕ್ಕಿ ಹಾಕಿ ಬೇಯಿಸುವ ನಮ್ಮ ಅಜ್ಜಿಯರ ಕಾಲದ ಸಿಹಿ ಬ್ರೆಡ್ ಅದು. ಅರ್ಲೀನ್ ಮೂಸಿ ನೋಡಿ ಕಣ್ಣು ಮುಚ್ಚಿದಳು. ಆಮೇಲೆ ಒಳಗಿನಿಂದ ಹಸಿರು, ನೇರಳೆ, ಚಿನ್ನದ ಬಣ್ಣದ ಸಕ್ಕರೆ ಸುರಿದ ದುಂಡನೆಯ ಕೇಕ್ ಬಂತು. ಅದೂ ಜಡೆ ಹೆಣೆದದ್ದೇ. ಎರಡನ್ನೂ ಅಕ್ಕಪಕ್ಕ ಇಟ್ಟರೆ ದಾಯಾದಿಗಳ ಹಾಗೆ ಕಾಣುತ್ತಿದ್ದವು.

ಲೆಂಪಿ ಮಾತಾಡುತ್ತಾ ಕಚ್ಚಿದಾಗ ಕಟಕ್ ಅಂತ ಸದ್ದಾಯಿತು, ಬಾಯಿಂದ ಏನನ್ನೋ ತೆಗೆದಳು. ಪ್ಲಾಸ್ಟಿಕ್‌ನ ಪುಟ್ಟ ಕೂಸಿನ ಗೊಂಬೆ.

"ಅಯ್ಯೋ, ಯಾರೋ ಆಟಿಕೆ ಬೀಳಿಸಿದಾರೆ ಹಿಟ್ಟಿಗೆ!"

ಅಂಗಳದಲ್ಲಿದ್ದವರೆಲ್ಲ ಹೋ ಅಂತ ಕೂಗಿದರು. "ಬಿದ್ದದ್ದಲ್ಲ, ಇಟ್ಟದ್ದು," ಅಂದಳು ಅರ್ಲೀನ್. "ಕೂಸು ಯಾರ ಪಾಲಿಗೆ ಬಂತೋ ಅವರು ಮುಂದಿನ ಸಲದ ಕೇಕ್ ತರಬೇಕು. ಇದು ನಮ್ಮ ಊರಿನ ಕಾನೂನು. ತಪ್ಪಿಸ್ಕೊಂಡ್ರೆ ವರ್ಷವಿಡೀ ಹೊಟ್ಟೆನೋವು."

"ಹಾಗಾದ್ರೆ ಬರಲೇಬೇಕಾ?"

"ಬರದೇ ಎಲ್ಲಿಗೆ ಹೋಗ್ತೀಯ?"

ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಾಗ ಐಲಿ ಮೆಲ್ಲಗೆ ಬಾಯಿಬಿಟ್ಟಳು. ತನ್ನ ಕೆಲಸ, ಹಿಮದ ಏರಿ, ಕನ್ನಡಿಯಲ್ಲಿ ಕಾಣುತ್ತಿದ್ದ ಸಲಿಕೆಗಳು, ಎಲ್ಲ ಹೇಳಿದಳು. "ನೀವೆಲ್ಲ ಕೈ ಎತ್ತಿದಾಗ, ಬೈತಿದೀರಿ ಅಂದ್ಕೊಂಡೆ."

ಅರ್ಲೀನ್ ನಕ್ಕಳು. ನಕ್ಕು ನಕ್ಕು ಮುಖದ ಬೆಳ್ಳಿಪುಡಿಯೆಲ್ಲ ಗೆರೆ ಗೆರೆಯಾಯಿತು. ಆಮೇಲೆ ಹೇಳಿದಳು: "ಮಿಸ್ ಐಲಿ, ನಾನು ಶಾಲೆ ಅಡುಗೆಮನೇಲಿ ಕಡಾಯಿ ತಿರುವುತ್ತಾನೇ ಮುದುಕಿ ಆದೆ. ಒಂದು ಮಗು, ಒಂದೇ ಒಂದು ಮಗು ಊಟ ಚೆನ್ನಾಗಿದೆ ಅನ್ನಲಿಲ್ಲ. ತಟ್ಟೆ ನೋಡಿ ಮೂತಿ ಸೊಟ್ಟ ಮಾಡೋದೇ. ನಿವೃತ್ತಿ ಆದ ದಿನ ನಾವು ನಾಲ್ಕು ಜನ ಹೆಂಗಸ್ರು ಕೂತು ಯೋಚನೆ ಮಾಡಿದ್ವಿ. ಈ ಊರಲ್ಲಿ ಪ್ರತಿಯೊಬ್ಬರೂ ನಮ್ಮ ಕೈ ಊಟ ತಿಂದಿದಾರೆ, ಒಂದು ದಿನ ಆದ್ರೂ ನಮಗೆ ಚಪ್ಪಾಳೆ ಹೊಡೀಲಿ ಅಂತ. ಅದಕ್ಕೇ ಈ ಸೌಟಿನ ಸಂಘ."

"ಹೊಡೆದ್ರಾ?"

"ಮೊದಲ ವರ್ಷ ಒಬ್ಬ ಗಡ್ಡದವನು ಬಂದು ಕಾಲು ಹಿಡ್ಕೊಂಡ. 'ನಿಮ್ಮ ಶುಕ್ರವಾರದ ಮೀನು ನೆನಪಿದೆ, ಈಗ ಅದು ಎಲ್ಲೂ ಸಿಗಲ್ಲ' ಅಂದ. ತಿನ್ನೋವಾಗ ಹೇಳೋಕೆ ಏನಾಗಿತ್ತು ಮುಠ್ಠಾಳನಿಗೆ!"

ಕಾರ್ನಿವಲ್ ಮುಗಿಯುವವರೆಗೂ ಮೊಟ್ಟೆ ಅಲ್ಲೇ ನಿಂತಿತು. ಲೆಂಪಿ ಅಂಗಳದಲ್ಲಿ ಕುರ್ಚಿ ಹಾಕಿ ಕತ್ತರಿ ತೆಗೆದಳು. ಕೇರಿಯವರು ತಲೆ ಕೊಟ್ಟರು, ಆದರೆ ಅವರ ಕೂದಲಿನ ಬಗೆ ಬೇರೆ. ಪಕ್ಕದ ಮನೆಯ ಹುಡುಗಿಯೊಬ್ಬಳು ಇವಳ ಕೈ ಹಿಡಿದು ಸಣ್ಣ ಸಣ್ಣ ಜಡೆ ಹಾಕುವುದನ್ನು ಕಲಿಸಬೇಕಾಯಿತು. "ಇಷ್ಟು ವರ್ಷ ಕೆಲಸ ಮಾಡಿ ಅರ್ಧ ತಲೆ ಮಾತ್ರ ಕಲಿತಿದ್ದೆ," ಅಂತ ಲೆಂಪಿ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದಳು. ಐಲಿ ಅರ್ಲೀನಳ ಜೊತೆ ನದಿಯ ಕಟ್ಟೆಯ ಮೇಲೆ ಕೂತು ಹಡಗು ನೋಡುತ್ತಿದ್ದಳಂತೆ. ಇಬ್ಬರೂ ಜಾಸ್ತಿ ಮಾತಾಡುತ್ತಿರಲಿಲ್ಲವಂತೆ.

ವಸಂತದಲ್ಲಿ ಊರಿಗೆ ಬಂದಾಗ ಚರ್ಚಿನ ಮಾರಾಟ ನೋಡಿಕೊಳ್ಳುವ ಸಿಲ್ವಿ ನಿಕುಲಾ ಬಾಗಿಲಿಗೇ ಬಂದಳು.

"ಲೆಂಪಿ, ಕೈಗವುಸು ಎಲ್ಲಿ?"

"ಎಸೆದೆ."

"ಎಸೆದೆಯಾ! ಹುಳ ಹಿಡೀತಾ?"

"ಇಲ್ಲ, ಜನ ಹಿಡಿದ್ರು."

ಲೆಂಪಿ ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಸಿಲ್ವಿ ಕೋಟು ಬಿಚ್ಚುವುದನ್ನೂ ಮರೆತು ಕೇಳಿದಳು. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಾಫಿ ಹೊತ್ತಿಗೆ ಹನ್ನೆರಡು ಹೆಂಗಸರು ಸೂಜಿ ಹಿಡಿದು ಕೂತಿದ್ದರು. ಪಾದ್ರಿ ಬಂದು, "ಯಾರ ಸಹಾಯಕ್ಕೆ ಹೆಣೀತಿದೀರಿ?" ಅಂತ ಕೇಳಿದರು. "ಎಸೆಯೋಕೆ," ಅಂದಳು ಸಿಲ್ವಿ. ಪಾದ್ರಿ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡರು. ಮುಂದಿನ ಚಳಿಗಾಲ ಮೊಟ್ಟೆಯೊಳಗೆ ಕೈಗವುಸಿನ ಗೋಣಿಗಳ ಮಧ್ಯೆ ಜಾಗ ಮಾಡಿಕೊಂಡು ಅಕ್ಕತಂಗಿಯರು ಮಲಗಬೇಕಾಯಿತು. ಕೇಕ್ ಬದಲು ಬಿಂದಿಗೆಯಷ್ಟು ದೊಡ್ಡ ನಿಸು ಬ್ರೆಡ್ ಹೋಯಿತು. ಅದರೊಳಗೆ ಕೂಸನ್ನೂ ಇಟ್ಟಿದ್ದರು.

ಹೀಗೆ ಐದಾರು ಚಳಿಗಾಲ. ಕಾರ್ನಿವಲ್‌ಗೆ ಅರ್ಲೀನಳ ಅಂಗಳ, ಅದಕ್ಕೆ ಮುಂಚೆಯೋ ಆಮೇಲೋ ಇನ್ನೊಂದು ಹೊಸ ಊರು.

ಆಮೇಲೆ ಐಲಿಯ ಕಣ್ಣಿಗೆ ತೊಂದರೆ ಬಂತು. ಮೊದಲು ಅವಳು ಯಾರಿಗೂ ಹೇಳಲಿಲ್ಲ. ಒಂದು ದಿನ ನನ್ನ ಮುಖ ನೋಡಿ, "ಯಾಕೋ, ನಿನಗೆ ಮೂಗೇ ಇಲ್ಲ!" ಅಂದಳು. ತಮಾಷೆ ಅಂದುಕೊಂಡೆ. ಡಾಕ್ಟರು ನೋಡಿದಾಗ ಗೊತ್ತಾಯಿತು, ಕಣ್ಣಿನ ನಡುಭಾಗ ಮಸುಕಾಗುತ್ತಿದೆ. ನೇರ ನೋಡಿದ್ದು ಅಳಿಸಿದ ಹಾಗೆ, ಅಂಚಿನದು ಮಾತ್ರ ಸ್ಪಷ್ಟ. ವಾಸಿಯಾಗುವುದಿಲ್ಲ, ನಿಧಾನಿಸಬಹುದು ಅಷ್ಟೆ. ಗಾಡಿ ಓಡಿಸುವ ಮಾತೇ ಇಲ್ಲ.

ಆ ವಾರ ಅವರ ಮನೆಯಲ್ಲಿ ಜಗಳ ಕೇಳಲಿಲ್ಲ. ನನಗೇ ಹೆದರಿಕೆಯಾಯಿತು. ಶನಿವಾರ ಸೌನಾದ ಕಡೆಯಿಂದ ಮತ್ತೆ ಲೆಂಪಿಯ ದನಿ ಬಂದಾಗ ಉಸಿರು ಬಿಟ್ಟೆ.

"ಗಾಡಿ ನಾನು ಓಡಿಸ್ತೀನಿ."

"ನೀನಾ? ನೀನು ಅಂಗಡಿ ಮುಂದೆ ಕಾರು ನಿಲ್ಲಿಸಿದ್ರೆ ಅರ್ಧ ಅಂಗಡಿ ಒಳಗೇ ಇರುತ್ತೆ."

"ಕಲಿಸು ಹಾಗಾದ್ರೆ!"

ಶರತ್ಕಾಲದಲ್ಲಿ ಚರ್ಚಿನ ಪಕ್ಕದ ಬಯಲಿನಲ್ಲಿ ಪಾಠ ನಡೆಯಿತು. ಮುಂದಕ್ಕೆ ಓಡಿಸುವುದು ಲೆಂಪಿಗೆ ಬೇಗ ಬಂತು. ಹಿಂದಕ್ಕೆ ಅಂದರೆ ಮಾತ್ರ, ಗಾಡಿ ಎಡಕ್ಕೆ ತಿರುಗಿಸಿದರೆ ಮೊಟ್ಟೆ ಬಲಕ್ಕೆ ಹೋಗುತ್ತದಲ್ಲ, ಅದು ಅವಳ ತಲೆಗೆ ಇಳಿಯಲೊಲ್ಲದು. "ಇದು ನಿನ್ನ ಹಾಗೇ ಕಣೇ, ನಾನು ಹೇಳಿದ್ದಕ್ಕೆ ಉಲ್ಟಾ!" ಅಂತ ಕಿರುಚುತ್ತಿದ್ದಳು. ನಾವೆಲ್ಲ ಕೆಲಸ ಬಿಟ್ಟು ನೋಡುವುದಕ್ಕೆ ಹೋಗುತ್ತಿದ್ದೆವು. ಪಾದ್ರಿಯ ಅಂಚೆ ಡಬ್ಬಿ ಮುರಿಯಿತು. ರಿಪೇರಿ ಮಾಡಿದ ಮೇಲೆ ಮತ್ತೆ ಮುರಿಯಿತು. ಐಲಿ ಹಿಂದೆ ನಿಂತು, ತಲೆ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡುತ್ತಾ, "ಇನ್ನು ಸ್ವಲ್ಪ. ಸ್ವಲ್ಪ. ನಿಲ್ಲಿಸು ಅಂದೆನಲ್ಲ!" ಅನ್ನುತ್ತಿದ್ದಳು. ಮೊದಲ ಹಿಮ ಬೀಳುವ ಹೊತ್ತಿಗೆ ಲೆಂಪಿ ಎರಡು ಬಕೆಟ್‌ಗಳ ಮಧ್ಯೆ ಮೊಟ್ಟೆಯನ್ನು ಒಳಸೇರಿಸಿದಳು.

ಆ ಚಳಿಗಾಲ ಅವರು ಸ್ಯಾನ್ ಡಿಯಾಗೋಗೆ ಹೊರಟರು. ಅಷ್ಟು ದೂರ ಬೇಡ ಅಂತ ನಾವೆಲ್ಲ ಹೇಳಿದೆವು. "ಅರ್ಲೀನೂ ಅಲ್ಲಿಗೆ ಬರ್ತಾಳೆ, ವಿಮಾನದಲ್ಲಿ," ಅಂದಳು ಐಲಿ. "ಅವಳು ಆ ಕಡೆ ಸಮುದ್ರ ನೋಡಿಲ್ಲವಂತೆ."

ಅಲ್ಲಿಂದ ಒಂದು ಮಧ್ಯಾಹ್ನ ಐಲಿಯ ಫೋನ್ ಬಂತು. ಕೊಲ್ಲಿಯ ಪಕ್ಕ ಬಿಡಾರ ಸಿಕ್ಕಿದೆ, ಲೆಂಪಿ ಮೂರನೇ ಸಲಕ್ಕೆ ಸರಿಯಾಗಿ ನಿಲ್ಲಿಸಿದಳು, ಕುರ್ಚಿ ಹಾಕಿಕೊಂಡು ತಮಾಷೆ ನೋಡಲು ಬಂದಿದ್ದವರಿಗೆ ನಿರಾಸೆಯಾಯಿತು, ಅರ್ಲೀನ್ ಮೊಟ್ಟೆಯೊಳಗೆ ಹಿಡಿಸದೆ ಹೊರಗೆ ಡೇರೆ ಹಾಕಿದಾಳೆ, ದಿನಾ ಮೀನು ತಿಂತಾಳೆ, ದಿನಾ ಅದರಲ್ಲಿ ಏನಾದ್ರೂ ತಪ್ಪು ಹುಡುಕ್ತಾಳೆ. ಹಿನ್ನೆಲೆಯಲ್ಲಿ ಸಮುದ್ರಸಿಂಹಗಳು ಬೊಗಳುವ ಸದ್ದು ಕೇಳುತ್ತಿತ್ತು.

"ಪ್ರಯಾಣ ಹೇಗಿತ್ತು?" ಅಂತ ಕೇಳಿದೆ. ಪಕ್ಕದ ಸೀಟಿನಲ್ಲಿ ಅಷ್ಟು ದೂರ ಸುಮ್ಮನೆ ಕೂತು ಐಲಿಗೆ ಕಷ್ಟವಾಗಿರಬೇಕು ಅಂತ ನನ್ನ ಎಣಿಕೆ.

"ಚೆನ್ನಾಗಿತ್ತು ಕಣೋ," ಅಂದಳು ಐಲಿ. "ಇಷ್ಟು ಕಾಲ ಬರೀ ರಸ್ತೆ ನೋಡಿದ್ದೆ. ರಸ್ತೆ ಪಕ್ಕ ಏನಿದೆ ಅಂತಾನೇ ಗೊತ್ತಿರಲಿಲ್ಲ. ಎಷ್ಟೊಂದು ಕುದುರೆ! ಒಂದು ಕಡೆ ಇಡೀ ಗುಡ್ಡದ ತುಂಬ ಗಾಳಿಯಂತ್ರ ತಿರುಗ್ತಿದ್ವು. ಒಬ್ಳು ಮನೆ ಮುಂದೆ ಕಂಬಳಿ ಒಣಹಾಕ್ತಿದ್ಲು, ಹಳದಿ ಕಂಬಳಿ..."

"ಸಾಕು ಬಿಡು, ಅವನಿಗೆ ಬೇರೆ ಕೆಲಸ ಇಲ್ವಾ?" ಅಂತ ಹಿಂದಿನಿಂದ ಲೆಂಪಿ ಕೂಗಿದಳು.

"ನೀನು ಸುಮ್ನಿರೇ, ನಾನು ಮಾತಾಡ್ತಿದೀನಿ," ಅಂದಳು ಐಲಿ. ಆಮೇಲೆ ಆ ಹಳದಿ ಕಂಬಳಿಯ ಅಂಚು ಹೇಗಿತ್ತು ಅನ್ನುವುದರಿಂದ ಮತ್ತೆ ಶುರುಮಾಡಿದಳು. ನಾನು ಸ್ಟೂಲ್ ಎಳೆದುಕೊಂಡು ಕೂತೆ.